ಸಾಲು ಬಿಡದ ಸೂಜಿ: ಅಟ್ಟದಿಂದ ಇಳಿದ ರೆಕಾರ್ಡು ಚೆನ್ನಾಗಿ ಹಾಡಬೇಕೆಂದರೆ

ಹೋದ ದೀಪಾವಳಿಗೆ ಮುಂಚೆ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಸೋದರಮಾವನ ಮನೆಯ ಅಟ್ಟದಿಂದ ಒಂದು ಕಬ್ಬಿಣದ ಟ್ರಂಕು ಇಳಿಯಿತು. ಒಳಗೆ ಹಳೆ ಧೋತರದಲ್ಲಿ ಸುತ್ತಿಟ್ಟ ನಲವತ್ತು ಚಿಲ್ಲರೆ ರೆಕಾರ್ಡುಗಳು. ಖ್ಯಾಲ್ ಗಾಯನ, ನಾಟಕದ ಹಾಡು, ವಚನ, ಒಂದಿಷ್ಟು ಹಿಂದಿ ಸಿನಿಮಾ. ತಳದಲ್ಲಿ ಐದು ದಪ್ಪನೆಯ ಭಾರದ ತಟ್ಟೆಗಳು. ಮಾವನ ಮಗಳು ಬೆಂಗಳೂರಿನಲ್ಲಿದ್ದಾಳೆ. ಸುದ್ದಿ ಕೇಳಿದ ವಾರದಲ್ಲೇ ರೆಕಾರ್ಡು ಹಾಡಿಸುವ ಒಂದು ಟರ್ನ್‌ಟೇಬಲ್ ಕೊಂಡು ಕಳಿಸಿದಳು.

ಮಾವ ಅದನ್ನು ಶೋಕೇಸಿನ ಮೇಲೆ ಸ್ಪೀಕರಿನ ಪಕ್ಕದಲ್ಲೇ ಇಟ್ಟರು. ವೈರನ್ನು ಹೋಮ್ ಥಿಯೇಟರಿನ ಆಕ್ಸ್ ತೂತಿಗೆ ಚುಚ್ಚಿ ಹಾಡು ಹಚ್ಚಿದರು. ದನಿ ಸೊಳ್ಳೆ ಗುಂಯ್ ಅಂದಂತೆ ಬಂತು. ತಬಲಾ ಜೋಡಿಯ ಡಗ್ಗಾದ ಗುಮುಕು ಪತ್ತೆಯೇ ಇಲ್ಲ. ಮಧ್ಯೆ ಮಧ್ಯೆ ಸೂಜಿ ಜಿಗಿಯುತ್ತಿತ್ತು. ನನಗೆ ಫೋನ್ ಬಂತು: “ತಮ್ಮಾ, ಇದಕ್ಕಿಂತ ನನ್ನ ಮೊಬೈಲೇ ಚೊಲೊ ಹಾಡ್ತದಲ್ಲೋ!”

ರೆಕಾರ್ಡು ಕೆಟ್ಟಿರಲಿಲ್ಲ. ಮಷಿನ್ನೂ ಕೆಟ್ಟಿರಲಿಲ್ಲ. ಹೊಂದಿಸುವ ಕೆಲಸ ಮಾತ್ರ ಆಗಿರಲಿಲ್ಲ. ಟರ್ನ್‌ಟೇಬಲ್ ಟೀವಿಯ ಹಾಗಲ್ಲ, ಡಬ್ಬಿ ಬಿಚ್ಚಿ ಪ್ಲಗ್ ಹಾಕಿದರೆ ಮುಗಿಯುವುದಿಲ್ಲ. ಅದು ಹೊಲಿಗೆ ಮಷಿನ್ನಿನ ಜಾತಿಯದು. ದಾರದ ಬಿಗಿ, ಸೂಜಿಯ ನೆಟ್ಟಗೆ, ಪಟ್ಟಿಯ ಎಳೆತ ಎಲ್ಲವೂ ಹದಕ್ಕೆ ಬಂದರೆ ಮಾತ್ರ ಹೊಲಿಗೆ ನೆಟ್ಟಗೆ ಬೀಳುತ್ತದೆ.

ರೆಕಾರ್ಡು ಈಗ ಮತ್ತೆ ಬೇಡಿಕೆಗೆ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ಹೆಚ್ಚು ರೆಕಾರ್ಡುಗಳು ಮಾರಾಟವಾದವು. 1987ರ ನಂತರ ಹೀಗಾದದ್ದು ಅದೇ ಮೊದಲು. ನಮ್ಮ ಕಡೆ ಹೊಸದು ಕೊಳ್ಳುವವರಿಗಿಂತ ಅಟ್ಟದಿಂದ ಇಳಿಸುವವರೇ ಜಾಸ್ತಿ ಅನ್ನುವುದು ನನ್ನ ಅಂದಾಜು. ಇಬ್ಬರಿಗೂ ತಿಳಿಯಬೇಕಾದ ವಿದ್ಯೆ ಒಂದೇ.

ತಟ್ಟೆಯ ಮೇಲೆ ಬರೆದದ್ದೇನು?

ರೆಕಾರ್ಡನ್ನು ಬಿಸಿಲಿಗೆ ಓರೆ ಹಿಡಿದು ನೋಡಿ. ನೂರಾರು ಉಂಗುರ ಕಾಣುತ್ತವೆ. ಆದರೆ ಅಲ್ಲಿರುವುದು ಒಂದೇ ಒಂದು ಸಾಲು. ಹೊರ ಅಂಚಿನಲ್ಲಿ ಶುರುವಾಗಿ ಸುತ್ತುತ್ತಾ ಒಳಗೆ ಹೋಗುತ್ತದೆ. ಹೊಲದಲ್ಲಿ ಕೂರಿಗೆ ಹೊಡೆದ ಸಾಲು ನೆನಪಿಸಿಕೊಳ್ಳಿ. ಈ ಸಾಲಿನ ಅಗಲ ಹೆಚ್ಚುಕಮ್ಮಿ ಒಂದು ತಲೆಗೂದಲಿನಷ್ಟು.

ಉದ್ದ ಎಷ್ಟಿರಬಹುದು? ಹೆಚ್ಚು ಹೊತ್ತು ಹಾಡುವ ದೊಡ್ಡ ರೆಕಾರ್ಡು, ಅಂದರೆ ಎಲ್‌ಪಿ, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಬದಿ 20 ನಿಮಿಷ ಹಾಡಿದರೆ ಸುಮಾರು 667 ಸುತ್ತು. ಹೊರಗಿನ ದೊಡ್ಡ ಸುತ್ತು, ಒಳಗಿನ ಸಣ್ಣ ಸುತ್ತು ಎರಡರ ಸರಾಸರಿ ಹಿಡಿದರೆ ಸುತ್ತಿಗೆ 65 ಸೆಂಟಿಮೀಟರ್. ಗುಣಿಸಿದರೆ 430 ಮೀಟರ್ ಆಗುತ್ತದೆ. ಒಂದು ಖ್ಯಾಲ್ ಮುಗಿಯುವುದರೊಳಗೆ ನಿಮ್ಮ ಸೂಜಿ ಅರ್ಧ ಕಿಲೋಮೀಟರಿನ ಹತ್ತಿರ ನಡೆದಿರುತ್ತದೆ.

ಸಾಲನ್ನು ಅಡ್ಡ ಸೀಳಿ ನೋಡಿದರೆ ಇಂಗ್ಲಿಷಿನ ವಿ ಅಕ್ಷರದ ಆಕಾರ. ಎರಡು ಗೋಡೆ, ಎರಡೂ 45 ಡಿಗ್ರಿ ಓರೆ. ಸ್ಟೀರಿಯೋ ರೆಕಾರ್ಡಿನಲ್ಲಿ ಒಳಗಿನ ಗೋಡೆಯ ಮೇಲೆ ಎಡ ಸ್ಪೀಕರಿನ ದನಿ, ಹೊರಗಿನ ಗೋಡೆಯ ಮೇಲೆ ಬಲ ಸ್ಪೀಕರಿನ ದನಿ ಕೊರೆದಿರುತ್ತದೆ. ಗೋಡೆಗಳ ಉಬ್ಬುತಗ್ಗೇ ಹಾಡು. ಸೂಜಿ ಆ ಉಬ್ಬುತಗ್ಗಿಗೆ ಅಲುಗಾಡುತ್ತದೆ. ಅದರ ಹಿಂದಿರುವ ಸಣ್ಣ ಅಯಸ್ಕಾಂತವೂ ಜೊತೆಗೆ ಅಲುಗುತ್ತದೆ. ಪಕ್ಕದ ತಂತಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ಮಾಡುವುದೂ ಇದನ್ನೇ. ಚಕ್ರ ತಿರುಗಿದರೆ ಅಲ್ಲಿ ದೀಪ, ಇಲ್ಲಿ ಸೂಜಿ ನಡುಗಿದರೆ ದನಿ.

ರೆಕಾರ್ಡು ತಯಾರಿಸುವಾಗ ಒಂದು ಕೊರೆಯುವ ಉಳಿ ಈ ಸಾಲನ್ನು ಕೊರೆದಿರುತ್ತದೆ. ಆ ಉಳಿ ಯಾವ ಕೋನದಲ್ಲಿ, ಎಷ್ಟು ನೆಟ್ಟಗೆ, ಯಾವ ವೇಗದಲ್ಲಿ ನಡೆದಿತ್ತೋ ನಿಮ್ಮ ಸೂಜಿಯೂ ಹಾಗೆಯೇ ನಡೆಯಬೇಕು. ಮುಂದೆ ಹೇಳುವುದೆಲ್ಲ ಇದೊಂದೇ ಕೆಲಸದ ತುಂಡುಗಳು.

ಹೆಸರುಗಳನ್ನು ಒಮ್ಮೆ ಗೊತ್ತು ಮಾಡಿಕೊಳ್ಳೋಣ. ತಿರುಗುವ ತಟ್ಟೆ ಪ್ಲ್ಯಾಟರ್. ಉದ್ದನೆಯ ತೋಳು ಟೋನ್‌ಆರ್ಮ್. ತೋಳಿನ ತುದಿಯ ಹಿಡಿ ಹೆಡ್‌ಶೆಲ್. ಅದರ ಕೆಳಗೆ ಸ್ಕ್ರೂ ಹಾಕಿದ ಸಣ್ಣ ಡೈನಮೋ ಡಬ್ಬಿ ಕಾರ್ಟ್ರಿಜ್. ಅದರಿಂದ ಇಣುಕುವ ಸೂಜಿ ಸ್ಟೈಲಸ್. ತೋಳಿನ ಹಿಂದಿನ ದುಂಡನೆಯ ತೂಕ ಕೌಂಟರ್‌ವೇಟ್.

ಮೊದಲು ಇಡುವ ಜಾಗ

ಕೂದಲಿಗಿಂತ ಸಣ್ಣ ಅಲುಗಾಟವನ್ನು ಓದುವ ಸೂಜಿ ಅದು. ಹಾಡಿನ ಅಲುಗಾಟ ಯಾವುದು, ನೆಲದ ಅಲುಗಾಟ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮಕ್ಕಳು ಓಡಿದರೂ, ಪಕ್ಕದಲ್ಲಿ ಮಿಕ್ಸರ್ ಹಾಕಿದರೂ ಎಲ್ಲವನ್ನೂ ಹಾಡು ಅಂತಲೇ ಓದುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾಟ ಸ್ಪೀಕರಿನದೇ. ವಿಜಯಪುರದ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ದನಿ ಮತ್ತೆ ಮತ್ತೆ ಮರಳಿ ಬರುತ್ತದೆ, ಅಲ್ವಾ? ಅಲ್ಲಿ ಪ್ರತಿ ಸಲ ಸ್ವಲ್ಪ ಸಣ್ಣದಾಗುತ್ತಾ ಹೋಗಿ ಆರಿಹೋಗುತ್ತದೆ. ಒಂದೇ ಮೇಜಿನ ಮೇಲೆ ಸ್ಪೀಕರ್ ಮತ್ತು ಟರ್ನ್‌ಟೇಬಲ್ ಇಟ್ಟರೆ ಆಗುವುದು ಇದರ ಉಲ್ಟಾ. ಸ್ಪೀಕರಿನ ಅದುರು ಮೇಜಿಗೆ, ಮೇಜಿನಿಂದ ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ. ಪ್ರತಿ ಸುತ್ತಿಗೂ ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ವಾಲ್ಯೂಮ್ ಏರಿಸಿದಾಗ ‘ಭೋಂ’ ಎಂದು ಶುರುವಾಗಿ ನಿಲ್ಲದಿದ್ದರೆ ಕಾರಣ ಇದೇ.

ಸ್ಪೀಕರನ್ನು ಬೇರೆ ಸ್ಟ್ಯಾಂಡಿಗೆ ಇಳಿಸಿ. ಟರ್ನ್‌ಟೇಬಲಿಗೆ ಅಲುಗಾಡದ ಜಾಗ ಬೇಕು. ಹಳೆ ಮನೆಗಳಲ್ಲಿ ದಪ್ಪ ಗೋಡೆಯ ಮಾಡ ಇದ್ದರೆ, ಅಗಲ ಸಾಕಾಗುವುದಾದರೆ, ಅದಕ್ಕಿಂತ ಒಳ್ಳೆಯದಿಲ್ಲ. ನಾವು ಮಾವನ ಮನೆಯಲ್ಲಿ ಮೇಜಿನ ಮೇಲೆ ಇಳಕಲ್ ಗ್ರಾನೈಟಿನ ಒಂದು ತುಂಡು ಹಾಸಿದೆವು. ಅಡುಗೆಮನೆಯ ಕಟ್ಟೆ ಮಾಡಿಸಿದಾಗ ಉಳಿದದ್ದು. ಬರೇ ಕಲ್ಲು ಇಟ್ಟರೆ ಮೇಜಿನ ಅದುರು ಕಲ್ಲಿಗೂ ಬರುತ್ತದೆ. ಅದಕ್ಕೆ ಕೆಳಗೆ ನಾಲ್ಕು ಮೂಲೆಗೆ ದಪ್ಪ ರಬ್ಬರಿನ ತುಂಡು ಕೊಟ್ಟೆವು.

ಆಮೇಲೆ ಮಟ್ಟ. ಗವಂಡಿಗಳ ರಸಮಟ್ಟವನ್ನು ಪ್ಲ್ಯಾಟರಿನ ಮೇಲೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಟ್ಟು ಗುಳ್ಳೆ ನಡುವೆ ಬರುವಂತೆ ಕಾಲುಗಳನ್ನು ತಿರುಗಿಸಿ. ಪ್ಲ್ಯಾಟರ್ ಓರೆಯಾಗಿದ್ದರೆ ತೋಳು ತಗ್ಗಿನ ಕಡೆ ವಾಲುತ್ತದೆ. ಆಗ ಮುಂದಿನ ಲೆಕ್ಕ ಯಾವುದೂ ಸರಿ ಬರುವುದಿಲ್ಲ.

ಸೂಜಿಯ ಭಾರ: ಪತ್ತಾರರ ತಕ್ಕಡಿ ಬೇಕಾದ ಕೆಲಸ

ಒಳ್ಳೆ ದನಿಗೂ ರೆಕಾರ್ಡಿನ ಆಯುಷ್ಯಕ್ಕೂ ಇದೇ ಮುಖ್ಯ. ಸೂಜಿ ಸಾಲಿನ ಮೇಲೆ ಎಷ್ಟು ಭಾರ ಹಾಕಿ ಕೂರಬೇಕು ಅನ್ನುವುದನ್ನು ಕಾರ್ಟ್ರಿಜ್ ತಯಾರಿಸಿದವರು ಬರೆದಿರುತ್ತಾರೆ. ಈಗಿನ ಹೆಚ್ಚಿನವಕ್ಕೆ ಅದು ಒಂದೂವರೆಯಿಂದ ಎರಡೂವರೆ ಗ್ರಾಂ ನಡುವೆ ಇರುತ್ತದೆ. ಆರ್ಟೋಫಾನ್ 2ಎಂ ರೆಡ್‌ಗೆ 1.8 ಗ್ರಾಂ. ಆಡಿಯೋ-ಟೆಕ್ನಿಕಾದ ಎಟಿ-ವಿಎಂ95ಇಗೆ 2 ಗ್ರಾಂ.

ಎರಡು ಗ್ರಾಂ ಅಂದರೆ ಒಂದು ತೊಲದ ಆರನೇ ಒಂದು ಪಾಲು. ಪತ್ತಾರರ ಹಳೆ ಲೆಕ್ಕದಲ್ಲಿ ಹದಿನಾರೇಳು ಗುಲಗಂಜಿ. ಇಲ್ಲಿ ಎರಡು ಗುಲಗಂಜಿ ಆಚೀಚೆ ಆದರೂ ಕಿವಿಗೆ ಗೊತ್ತಾಗುತ್ತದೆ.

ತುಂಬಾ ಭಾರವಾದರೆ ಸೂಜಿ ಗೋಡೆಗಳನ್ನು ಬೇಗ ಸವೆಸುತ್ತದೆ, ದನಿ ಮಂಕಾಗುತ್ತದೆ. ಇದು ಎಲ್ಲರೂ ಊಹಿಸುವ ಮಾತು. ಊಹಿಸದೇ ಇರುವುದು ಇನ್ನೊಂದು: ತುಂಬಾ ಹಗುರವಾದರೂ ರೆಕಾರ್ಡು ಹಾಳಾಗುತ್ತದೆ. ಕೂರಿಗೆಯ ಮೇಲೆ ಭಾರ ಸಾಲದಿದ್ದರೆ ಅದು ಗಟ್ಟಿ ನೆಲದಲ್ಲಿ ಪುಟಿಯುತ್ತದೆ. ಹಾಗೆಯೇ ಹಗುರ ಸೂಜಿ ಜೋರು ತಾನ್ ಬಂದಾಗ ಸಾಲಿನ ಗೋಡೆ ಬಿಟ್ಟು ಎಗರಿ ಮತ್ತೆ ಬೀಳುತ್ತದೆ. ಬಿದ್ದ ಪ್ರತಿ ಸಲ ಒಂದು ಗಾಯ. ಅದಕ್ಕೇ ಕಂಪನಿ ಹೇಳಿದ ಮಿತಿಯೊಳಗೆ ಕೆಳಗಿನ ತುದಿಗಿಂತ ನಡುವಿನ ಅಂಕಿಯಲ್ಲಿ ಇಡುವುದು ಲೇಸು.

ಹೊಂದಿಸುವ ಬಗೆ ಹೀಗೆ. ಸೂಜಿಯ ಮುಚ್ಚಳ ಹುಷಾರಾಗಿ ತೆಗೆಯಿರಿ. ಆ್ಯಂಟಿ-ಸ್ಕೇಟ್ ಅನ್ನುವ ಗುಂಡಿ ಇರುತ್ತದೆ, ಸದ್ಯಕ್ಕೆ ಸೊನ್ನೆಗೆ ಇಡಿ. ತೋಳನ್ನು ರೆಕಾರ್ಡಿಲ್ಲದ ಜಾಗದಲ್ಲಿ ತಂದು, ಎತ್ತುವ ಹಿಡಿಕೆಯನ್ನು ಕೆಳಗೆ ಮಾಡಿ, ಹಿಂದಿನ ತೂಕವನ್ನು ತಿರುಗಿಸುತ್ತಾ ಬನ್ನಿ. ಒಂದು ಹಂತದಲ್ಲಿ ತೋಳು ಖಾಲಿ ತಕ್ಕಡಿಯ ದಂಡಿಗೆಯ ಹಾಗೆ ಗಾಳಿಯಲ್ಲಿ ಅಡ್ಡ ನಿಲ್ಲುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಈಗ ತೂಕವನ್ನು ಅಲುಗಿಸದೆ, ಅದರ ಮುಂದಿನ ಅಂಕಿಯ ಉಂಗುರವನ್ನು ಮಾತ್ರ ತಿರುಗಿಸಿ ಸೊನ್ನೆಗೆ ತನ್ನಿ. ನಂತರ ತೂಕ, ಉಂಗುರ ಎರಡನ್ನೂ ಒಟ್ಟಿಗೆ ತಿರುಗಿಸಿ 1.8 ಅಥವಾ 2ಕ್ಕೆ ನಿಲ್ಲಿಸಿ. ಪತ್ತಾರರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಿಕ್ಕರೆ ಒಮ್ಮೆ ತೂಗಿ ನೋಡಿ. ಉಂಗುರದ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ತೂಗುವಾಗ ಸೂಜಿ ಇರುವ ಎತ್ತರ ರೆಕಾರ್ಡಿನ ಮೇಲ್ಮೈಯ ಎತ್ತರವೇ ಆಗಿರಲಿ.

ನಾಣ್ಯದ ಮಾತೂ ಹೇಳಿಬಿಡಬೇಕು. ಸೂಜಿ ಜಿಗಿಯುತ್ತಿದ್ದುದನ್ನು ನೋಡಿದ ಪಕ್ಕದ ಮನೆಯವರೊಬ್ಬರು “ಅದರ ಮ್ಯಾಲ ಒಂದು ರೂಪಾಯಿ ಇಡ್ರಿ, ಸರಿ ಹೋಗ್ತದ” ಅಂದಿದ್ದರು. ಮಾವ ಟೇಪು ಹಚ್ಚಿ ಇಟ್ಟೂ ಇದ್ದರು. ಜಿಗಿಯುವುದು ನಿಂತಿತ್ತು, ನಿಜ. ಈಗಿನ ಒಂದು ರೂಪಾಯಿ ನಾಣ್ಯ 3ರಿಂದ 4 ಗ್ರಾಂ ತೂಗುತ್ತದೆ. ಎರಡು ಗ್ರಾಂ ಹೊರಬೇಕಾದ ಸಾಲು ಐದಾರು ಗ್ರಾಂ ಹೊರುತ್ತಿತ್ತು. ಜಿಗಿತಕ್ಕೆ ಅಸಲು ಕಾರಣ ಸಾಲಿನಲ್ಲಿದ್ದ ಕೊಳೆ ಮತ್ತು ಓರೆಯಾಗಿದ್ದ ಶೋಕೇಸು.

ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರುಗಳಲ್ಲಿ ಈ ಹೊಂದಾಣಿಕೆ ಏನೂ ಇರುವುದಿಲ್ಲ. ಸೆರಾಮಿಕ್ ಕಾರ್ಟ್ರಿಜ್, ಐದು ಗ್ರಾಮಿನ ಆಸುಪಾಸಿನ ಕಾಯಂ ಭಾರ. ಹಾಡು ಕೇಳಿಸುತ್ತದೆ, ತಪ್ಪಿಲ್ಲ. ಆದರೆ ಮನೆಯಲ್ಲಿ ಇರುವ ಒಂದೇ ಒಂದು ಅಪರೂಪದ ರೆಕಾರ್ಡನ್ನು ನಾನಾದರೆ ಅದರ ಮೇಲೆ ಇಡುವುದಿಲ್ಲ.

ಉಳಿ ನಡೆದದ್ದು ನೇರ, ತೋಳು ತಿರುಗುವುದು ಬಾಗಿಲಿನ ಹಾಗೆ

ಇದು ಸ್ವಲ್ಪ ಕಷ್ಟದ ಭಾಗ. ನಿಧಾನ ಓದಿ.

ಸಾಲು ಕೊರೆದ ಉಳಿ ತಟ್ಟೆಯ ಅಂಚಿನಿಂದ ನಡುವಿಗೆ ನೆಟ್ಟಗೆ ಒಂದೇ ಗೆರೆಯಲ್ಲಿ ಸರಿದಿರುತ್ತದೆ. ಲೇತ್ ಮಷಿನ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡಿದವರಿಗಂತೂ ಹೇಳಬೇಕಾಗಿಯೇ ಇಲ್ಲ. ಟೂಲು ಸ್ಲೈಡಿನ ಮೇಲೆ ನೇರ ಸರಿಯುತ್ತದಲ್ಲ, ಹಾಗೆ. ಆದರೆ ನಮ್ಮ ಟೋನ್‌ಆರ್ಮ್ ಹಿಂದೆ ಒಂದು ಕಡೆ ಕಟ್ಟಿಕೊಂಡಿರುತ್ತದೆ. ಬಾಗಿಲು ಕೀಲಿನ ಮೇಲೆ ತಿರುಗಿದ ಹಾಗೆ ಅದು ಕಮಾನಿನಂತೆ ಸರಿಯುತ್ತದೆ. ನೇರ ಗೆರೆಯೂ ಕಮಾನೂ ಒಂದೇ ಆಗಲು ಸಾಧ್ಯವಿಲ್ಲ. ಹೀಗಾಗಿ ಸೂಜಿ ಸಾಲಿನಲ್ಲಿ ಹೆಚ್ಚಿನ ಹೊತ್ತು ಚೂರು ಓರೆಯಾಗಿಯೇ ಇರುತ್ತದೆ.

ಓರೆಯನ್ನು ಕಡಿಮೆ ಮಾಡಲು ಜಾಣರು ಎರಡು ಉಪಾಯ ಕಂಡುಕೊಂಡರು. ಹೆಡ್‌ಶೆಲ್ಲನ್ನು ಒಳಮುಖವಾಗಿ ಸ್ವಲ್ಪ ಸೊಟ್ಟ ಮಾಡುವುದು ಒಂದು. ಸೂಜಿ ತಟ್ಟೆಯ ನಡುಗೂಟವನ್ನು ದಾಟಿ ಒಂದೂವರೆ ಸೆಂಟಿಮೀಟರಿನಷ್ಟು ಮುಂದೆ ಚಾಚುವಂತೆ ಕೂರಿಸುವುದು ಇನ್ನೊಂದು. ಹೀಗೆ ಮಾಡಿದರೆ ಇಡೀ ಬದಿಯಲ್ಲಿ ಎರಡು ಜಾಗದಲ್ಲಿ ಸೂಜಿ ಪಕ್ಕಾ ನೆಟ್ಟಗಾಗುತ್ತದೆ. ಬೇರೆ ಕಡೆ ಓರೆ ಬಹಳ ಕಡಿಮೆ ಉಳಿಯುತ್ತದೆ. ಜಾಸ್ತಿ ಬಳಕೆಯಲ್ಲಿರುವ ಬೇರ್‌ವಾಲ್ಡ್ ಲೆಕ್ಕದಲ್ಲಿ ಆ ಎರಡು ಜಾಗ ನಡುಗೂಟದಿಂದ 66 ಮತ್ತು ಸುಮಾರು 121 ಮಿಲಿಮೀಟರ್ ದೂರದಲ್ಲಿ ಬರುತ್ತವೆ.

ಇದನ್ನು ಹೊಂದಿಸಲು ಪ್ರೊಟ್ರ್ಯಾಕ್ಟರ್ ಅನ್ನುವ ಕಾಗದದ ಅಳತೆಪಟ್ಟಿ ಇದೆ. ನಡುಗೂಟಕ್ಕೆ ಒಂದು ತೂತು, ಆ ಎರಡು ಜಾಗದಲ್ಲಿ ಎರಡು ಚುಕ್ಕೆ, ಚುಕ್ಕೆಯ ಸುತ್ತ ಗೆರೆಗಳ ಜಾಲರಿ. ಇಂಟರ್ನೆಟ್ಟಿನಿಂದ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಬಹುದು. ಪ್ರಿಂಟರ್ ತಾನಾಗಿ ಚೂರು ಚಿಕ್ಕದು ಮಾಡಿಬಿಡುತ್ತದೆ, ಅದನ್ನು ನೋಡಿಕೊಳ್ಳಿ. ಸ್ಕೇಲು ಹಿಡಿದು 66 ಮಿಲಿಮೀಟರ್ 66 ಆಗಿಯೇ ಇದೆಯೇ ಅಂತ ಅಳೆದ ಮೇಲೆಯೇ ಬಳಸಿ.

ಕಾರ್ಟ್ರಿಜ್ಜಿನ ಎರಡು ಸ್ಕ್ರೂ ಸಡಿಲ ಮಾಡಿ. ಸೂಜಿಯನ್ನು ಮೆಲ್ಲಗೆ ಚುಕ್ಕೆಯ ಮೇಲೆ ಇಳಿಸಿ. ಮುಂದಿನಿಂದ ನೋಡಿದಾಗ ಸೂಜಿ ಕಟ್ಟಿರುವ ಸಣ್ಣ ಕಡ್ಡಿ ಜಾಲರಿಯ ಗೆರೆಗೆ ಸಮ ಇರಬೇಕು. ಎರಡನೇ ಚುಕ್ಕೆಗೂ ಹಾಗೆಯೇ. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಅದನ್ನು ಸರಿ ಮಾಡಿದರೆ ಇದು ಕೆಡುತ್ತದೆ. ನನಗೆ ಮೊದಲ ಸಲ ಒಂದೂವರೆ ತಾಸು ಹಿಡಿಯಿತು, ಎರಡು ಚಹಾ ಆರಿಹೋದವು. ಇಲ್ಲಿ ಕಾರ್ಟ್ರಿಜ್ ಸರಿದರೆ ಭಾರವೂ ಬದಲಾಗುತ್ತದೆ. ಹಾಗಾಗಿ ಕೊನೆಗೆ ತೂಕವನ್ನು ಮತ್ತೊಮ್ಮೆ ನೋಡಲೇಬೇಕು.

ಇಷ್ಟೆಲ್ಲ ಯಾಕೆ ಅಂದರೆ, ತಪ್ಪು ಎದ್ದು ಕಾಣುವುದು ಬದಿಯ ಕೊನೆಯಲ್ಲಿ. ಅಂಚಿನಲ್ಲಿ ಸಾಲು ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರ್ ಓಡುತ್ತದೆ. ಒಳತುದಿಯಲ್ಲಿ ಬರೀ 21. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆದ ಹಾಗೆ. ಅಲ್ಲಿ ಸೂಜಿ ಓರೆಯಾಗಿದ್ದರೆ ಸಣ್ಣ ಬರಹ ಓದಲಾಗದೆ ತಡವರಿಸುತ್ತದೆ. ವಚನ ಗಾಯನದ ಕೊನೆಯ ಹಾಡಿನಲ್ಲಿ ‘ಶರಣು’, ‘ಶಿವ’ ಬಂದಾಗ ‘ಶ್’ ಅನ್ನುವುದು ಹರಿದ ಬಟ್ಟೆಯ ಸದ್ದಿನಂತೆ ಕೇಳಿದರೆ ಮೊದಲು ಈ ಕೋನ ನೋಡಿ. ಎಷ್ಟೋ ಜನ ಇದನ್ನು ‘ಹಳೆ ರೆಕಾರ್ಡು, ಸವೆದಿದೆ’ ಅಂತ ಬಿಟ್ಟುಬಿಡುತ್ತಾರೆ.

ಪಕ್ಕದ ಎಳೆತ, ಎತ್ತರ, ವಾಲು

ಹೆಡ್‌ಶೆಲ್ ಸೊಟ್ಟಗಿರುವುದರಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ಬಂಡಿಗೆ ಹಗ್ಗವನ್ನು ಓರೆ ಕಟ್ಟಿ ಎಳೆದರೆ ಬಂಡಿ ಪಕ್ಕಕ್ಕೆ ಹೊರಳುತ್ತದೆ. ತಿರುಗುವ ರೆಕಾರ್ಡು ಸೂಜಿಯನ್ನು ಎಳೆಯುವಾಗಲೂ ತೋಳು ನಡುವಿನ ಕಡೆಗೆ ಜಾರಲು ನೋಡುತ್ತದೆ. ಆಗ ಒಳಗಿನ ಗೋಡೆಗೆ ಒತ್ತು ಜಾಸ್ತಿ, ಹೊರಗಿನ ಗೋಡೆಗೆ ಕಡಿಮೆ. ಬಲ ಸ್ಪೀಕರಿನ ದನಿ ಒಡೆಯುತ್ತದೆ. ತೋಳನ್ನು ತುಸು ಹೊರಗೆ ಜಗ್ಗಿ ಇದನ್ನು ಸಮ ಮಾಡುವುದೇ ಆ್ಯಂಟಿ-ಸ್ಕೇಟ್. ಸೂಜಿಯ ಭಾರ ಎಷ್ಟಿದೆಯೋ ಅದೇ ಅಂಕಿಗೆ ಅದನ್ನೂ ಇಟ್ಟು ಶುರು ಮಾಡಿ.

ಎತ್ತರದ ಬಗ್ಗೆ ಸಿಕ್ಕಾಪಟ್ಟೆ ವಾದ ನಡೆಯುತ್ತದೆ. ಮನೆಮಟ್ಟಿಗೆ ಇಷ್ಟು ಸಾಕು: ಸೂಜಿ ರೆಕಾರ್ಡಿನ ಮೇಲಿದ್ದಾಗ ಪಕ್ಕದಿಂದ ನೋಡಿದರೆ ತೋಳು ರೆಕಾರ್ಡಿಗೆ ಸಮಾನಾಂತರ ಇರಬೇಕು. ಮುಂದಿನಿಂದ ನೋಡಿದರೆ ಕಾರ್ಟ್ರಿಜ್ ಎಡಕ್ಕೂ ಬಲಕ್ಕೂ ವಾಲಬಾರದು. ಒಂದು ಸಣ್ಣ ತೆಳು ಕನ್ನಡಿಯ ಮೇಲೆ ಸೂಜಿ ಇಳಿಸಿ. ಸೂಜಿಯೂ ಅದರ ಪ್ರತಿಬಿಂಬವೂ ಸೇರಿ ಒಂದೇ ನೆಟ್ಟ ಗೆರೆ ಆದರೆ ಸರಿ.

ಶ್ರುತಿ ಏರಿತೆಂದರೆ ವೇಗ ನೋಡಿ

ಮಾವ ಹರೆಯದಲ್ಲಿ ಭಜನಾ ಮೇಳಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದರು. ದನಿ ಒಂದು ಹದಕ್ಕೆ ಬಂದ ಮೇಲೆ ಕೇಳುತ್ತಾ ಕೂತವರು ಹುಬ್ಬು ಗಂಟು ಹಾಕಿದರು. “ಇದು ಕಪ್ಪು ಒಂದರ ಗಾಯನ. ಬಿಳಿ ಎರಡಕ್ಕ ಯಾಕ ಹಾಡ್ಲಿಕ್ಕತ್ತಾರ?” ಪೇಟಿ ತೆಗೆದು ಒತ್ತಿ ತೋರಿಸಿದರು. ಅವರ ಮಾತು ಸರಿಯಾಗಿತ್ತು.

ಪೇಟಿಯ ಮೊದಲ ಕಪ್ಪು ಮನೆ ಕಪ್ಪು ಒಂದು, ಎರಡನೇ ಬಿಳಿ ಮನೆ ಬಿಳಿ ಎರಡು. ಅಲ್ಲಿಂದ ಇಲ್ಲಿಗೆ ಒಂದು ಮನೆ ಮೇಲೆ. ವೇಗದ ಲೆಕ್ಕದಲ್ಲಿ ಇದು ನೂರಕ್ಕೆ ಸುಮಾರು 6ರಷ್ಟು ಹೆಚ್ಚು. ಅಂದರೆ 33⅓ ತಿರುಗಬೇಕಾದ ತಟ್ಟೆ 35ಕ್ಕಿಂತ ತುಸು ಜಾಸ್ತಿ ತಿರುಗುತ್ತಿತ್ತು. ನೋಡಿದರೆ ದೂಳು ಒರೆಸುವಾಗ ಯಾರೋ ವೇಗ ಏರಿಳಿಸುವ ಪಕ್ಕದ ಪಿಚ್ ಸ್ಲೈಡರನ್ನು ಸರಿಸಿಬಿಟ್ಟಿದ್ದರು. ಬೆಲ್ಟಿನ ಮಷಿನ್ನುಗಳಲ್ಲಿ ಕಾರಣ ಬೇರೆ ಇರುತ್ತದೆ. ರಬ್ಬರ್ ಬೆಲ್ಟು ಸಡಿಲವಾಗಿ ಜಾರಿದರೆ ಶ್ರುತಿ ಇಳಿಯುತ್ತದೆ ಅಥವಾ ತಂಬೂರಿ ಅಲೆಅಲೆಯಾಗಿ ತೇಲುತ್ತದೆ.

ಪೇಟಿ ಗೊತ್ತಿಲ್ಲದವರಿಗೆ ಸ್ಟ್ರೋಬ್ ತಟ್ಟೆ ಇದೆ. ಕಪ್ಪು ಬಿಳಿ ಪಟ್ಟೆಗಳ ಒಂದು ಕಾಗದ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಚೋಕ್ ಇರುವ ಹಳೆ ಟ್ಯೂಬ್‌ಲೈಟು ಅದರ ಎರಡರಷ್ಟು, ಅಂದರೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ತಟ್ಟೆಯಲ್ಲಿ 180 ಪಟ್ಟೆ ಇದ್ದು ಅದು 33⅓ ವೇಗದಲ್ಲಿ ತಿರುಗಿದರೆ ಸೆಕೆಂಡಿಗೆ ಸರಿಯಾಗಿ 100 ಪಟ್ಟೆ ದಾಟುತ್ತವೆ. ಪ್ರತಿ ಮಿನುಗಿಗೂ ಹೊಸ ಪಟ್ಟೆ ಹಳೆಯ ಜಾಗಕ್ಕೆ ಬಂದಿರುತ್ತದೆ. ಕಣ್ಣಿಗೆ ಪಟ್ಟೆ ನಿಂತಂತೆ ಕಾಣುತ್ತದೆ. ಮುಂದೆ ತೇಲಿದರೆ ವೇಗ ಜಾಸ್ತಿ, ಹಿಂದೆ ತೇಲಿದರೆ ಕಡಿಮೆ. ಎಷ್ಟೋ ಎಲ್‌ಇಡಿ ಬಲ್ಬುಗಳು ಹೀಗೆ ಮಿನುಗುವುದಿಲ್ಲ, ಅವುಗಳ ಕೆಳಗೆ ನೋಡಿ ಮೋಸ ಹೋಗಬೇಡಿ. ಅಮೆರಿಕದಿಂದ ತಂದ ಹಳೆ ಮಷಿನ್ನುಗಳ ಮೇಲೂ ಒಂದು ಕಣ್ಣಿರಲಿ. ಅಲ್ಲಿನ ಕರೆಂಟು 60ರದು. ಕರೆಂಟಿನ ಲಯಕ್ಕೇ ತಿರುಗುವ ಮೋಟಾರಿದ್ದರೆ ವೋಲ್ಟೇಜ್ ಬದಲಿಸಿದರೂ ಇಲ್ಲಿ 33⅓ರ ಬದಲು 28ರ ಹತ್ತಿರ ತಿರುಗುತ್ತದೆ.

ಮಡಚಿಟ್ಟ ಕೌದಿ: ವೈರಿನ ಕಥೆ

ಸೊಳ್ಳೆ ದನಿಯ ಗುಟ್ಟು ಇಲ್ಲಿದೆ. ಇದನ್ನೇ ಮೊದಲು ಬರೆಯಬೇಕಿತ್ತೇನೋ. ಟರ್ನ್‌ಟೇಬಲ್ ತಂದವರಲ್ಲಿ ಬಹಳ ಜನ ಎಡವುವುದು ಇಲ್ಲಿಯೇ.

ತಗ್ಗಿನ ದನಿ, ಅಂದರೆ ಡಗ್ಗಾ, ಡೊಳ್ಳು, ಸೂಜಿಯನ್ನು ಬಹಳ ಅಗಲಕ್ಕೆ ಅಲುಗಿಸುತ್ತದೆ. ಇದ್ದದ್ದನ್ನು ಇದ್ದ ಹಾಗೆಯೇ ಕೊರೆದರೆ ಸಾಲು ಪಕ್ಕದ ಸಾಲಿಗೆ ನುಗ್ಗುತ್ತದೆ. ಅದಕ್ಕೆ ಕೊರೆಯುವಾಗಲೇ ತಗ್ಗಿನ ದನಿಯನ್ನು ಕುಗ್ಗಿಸುತ್ತಾರೆ. ಮೇಲಿನ ಸಣ್ಣ ದನಿಯನ್ನು ಬೇಕೆಂದೇ ಹೆಚ್ಚಿಸುತ್ತಾರೆ. ಕೇಳುವಾಗ ಇದರ ಉಲ್ಟಾ ಮಾಡಿದರೆ ಡಗ್ಗಾ ತನ್ನ ಮೈಗೆ ಮರಳುತ್ತದೆ, ಮೇಲಿನ ದನಿಯ ಜೊತೆಗೆ ದೂಳಿನ ‘ಸುರ್’ ಸದ್ದೂ ಕುಗ್ಗುತ್ತದೆ. ಕೌದಿಯನ್ನು ಟ್ರಂಕಿನಲ್ಲಿ ಹಿಡಿಸಲು ಮಡಚಿ ಇಡುತ್ತೇವೆ, ಹೊದೆಯುವಾಗ ಬಿಚ್ಚುತ್ತೇವೆ. ಹಾಗೆಯೇ ಇದು. ಎಷ್ಟು ಮಡಿಕೆ, ಎಲ್ಲೆಲ್ಲಿ ಅನ್ನುವುದಕ್ಕೆ 1954ರ ಹೊತ್ತಿಗೆ ಒಂದು ನಿಯಮ ನೆಲೆಯಾಯಿತು, ಆರ್‌ಐಎಎ ಅಂತ ಹೆಸರು. ಈ ನಿಯಮದಲ್ಲಿ ಅತಿ ತಗ್ಗಿನ ದನಿಯನ್ನು ಕೇಳುವಾಗ ಸುಮಾರು 9 ಪಟ್ಟು ಎತ್ತಬೇಕು, ಅತಿ ಮೇಲಿನದನ್ನು ಹೆಚ್ಚುಕಮ್ಮಿ ಅಷ್ಟೇ ಪಟ್ಟು ಇಳಿಸಬೇಕು.

ಜೊತೆಗೆ ಕಾರ್ಟ್ರಿಜ್ ಕೊಡುವ ಕರೆಂಟು ಬಹಳ ಸಣ್ಣದು, 3ರಿಂದ 5 ಮಿಲಿವೋಲ್ಟ್. ಆಕ್ಸ್ ತೂತು ಕೇಳುವುದು ಅದರ ನೂರಾರು ಪಟ್ಟು. ಮಡಿಕೆ ಬಿಚ್ಚಿ, ಕರೆಂಟು ಏರಿಸಿ ಕೊಡುವ ಡಬ್ಬಿಗೆ ಫೋನೋ ಪ್ರೀಆಂಪ್ ಅನ್ನುತ್ತಾರೆ. ಹಳೆ ಆಂಪ್ಲಿಫೈಯರುಗಳಲ್ಲಿ ಫೋನೋ ಅಂತ ಬರೆದ ತೂತಿನ ಹಿಂದೆ ಇದು ಸಾಮಾನ್ಯವಾಗಿ ಇರುತ್ತದೆ. ಈಗಿನ ಟರ್ನ್‌ಟೇಬಲ್ಲುಗಳಲ್ಲಿ ಎಷ್ಟೋ ಸಲ ಒಳಗೇ ಇರುತ್ತದೆ. ಹಿಂಬದಿಯಲ್ಲಿ ಫೋನೋ–ಲೈನ್ ಅಂತ ಒಂದು ಪುಟ್ಟ ಸ್ವಿಚ್ಚು. ಮಾವನ ಮಷಿನ್ನಿನಲ್ಲಿ ಅದು ಫೋನೋ ಕಡೆಗಿತ್ತು. ವೈರು ಆಕ್ಸಿಗೆ ಹೋಗಿತ್ತು. ಸ್ವಿಚ್ಚನ್ನು ಲೈನ್ ಕಡೆಗೆ ಸರಿಸಿದ ಕೂಡಲೇ ಡಗ್ಗಾ ಮನೆಗೆ ಬಂತು. ಎರಡು ಸಲ ಬಿಚ್ಚಿದರೂ ಕೆಡುತ್ತದೆ: ಸ್ವಿಚ್ಚು ಲೈನಿನಲ್ಲಿದ್ದು ವೈರು ಆಂಪ್ಲಿಫೈಯರಿನ ಫೋನೋ ತೂತಿಗೆ ಹೋದರೆ ದನಿ ಒಡೆದು ಗೊಗ್ಗರಾಗುತ್ತದೆ.

ಹಾಡಿಲ್ಲದಾಗಲೂ ‘ಹೂಂ’ ಅನ್ನುವ ಗುಂಗು ಇದ್ದರೆ, ಟರ್ನ್‌ಟೇಬಲಿನಿಂದ ಬರುವ ತೆಳು ಅರ್ಥ್ ವೈರನ್ನು ಆಂಪ್ಲಿಫೈಯರಿನ ಹಿಂದಿನ ಜಿಎನ್‌ಡಿ ಸ್ಕ್ರೂಗೆ ಬಿಗಿಯಿರಿ. ಮನೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ವೈರ್‌ಮನ್ ಕೈಲಿ ನೋಡಿಸಿ. ಗುಂಗು ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ನು ಮುರಿಯುವವರಿದ್ದಾರೆ. ಜೀವಕ್ಕೆ ಅಪಾಯ, ಮಾಡಬೇಡಿ.

ದೂಳು, ಬಿಸಿಲು, ಬೂಷ್ಟು

ನಮ್ಮ ಕಡೆ ಜಿಲ್ಲೆಯಿಂದ ಜಿಲ್ಲೆಗೆ ರೆಕಾರ್ಡಿಗೆ ಬೇರೆ ಬೇರೆ ವೈರಿಗಳು. ಬೆಳಗಾವಿಯ ಮಳೆಗಾಲದಲ್ಲಿ ಕವರಿಗೂ ತಟ್ಟೆಗೂ ಬೂಷ್ಟು ಹಿಡಿಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಬೇಸಿಗೆಯ ಒಣ ಗಾಳಿಗೆ ರೆಕಾರ್ಡಿನಲ್ಲಿ ಸ್ಥಿರ ವಿದ್ಯುತ್ ಕೂಡಿ ದೂಳನ್ನು ಎಳೆದುಕೊಳ್ಳುತ್ತದೆ. ತಗಡಿನ ಮಾಡಿನ ಕೆಳಗೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ರೆಕಾರ್ಡಿನ ವಿನೈಲ್ ಪ್ಲಾಸ್ಟಿಕ್ಕು ಮೆತ್ತಗಾಗಿ ಹಪ್ಪಳದ ಹಾಗೆ ಡೊಂಕಾಗುತ್ತದೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ.

ಪ್ರತಿ ಸಲ ಹಾಡಿಸುವ ಮುಂಚೆ ಕಾರ್ಬನ್ ಫೈಬರ್ ಬ್ರಷ್ಷಿನಿಂದ ಸಾಲಿನ ಗುಂಟ ಒಂದು ಸುತ್ತು. ಅಟ್ಟದ ಕೊಳೆಗೆ ಇಷ್ಟು ಸಾಲದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೆರಡು ಹನಿ ಹಾಕಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಸಾಲಿನ ಗುಂಟವೇ ಒರೆಸಿ. ಅಡ್ಡ ಒರೆಸಬೇಡಿ. ನಡುವಿನ ಲೇಬಲ್ ನೆನೆಯಬಾರದು. ಆಮೇಲೆ ಬರೇ ಡಿಸ್ಟಿಲ್ಡ್ ನೀರಿನಲ್ಲಿ ಒಮ್ಮೆ ಒರೆಸಿ ಪೂರ್ತಿ ಆರಲು ಬಿಡಿ. ನಲ್ಲಿ ನೀರು, ಬೋರಿನ ನೀರು ಬೇಡ. ಆರಿದ ಮೇಲೆ ಅದರ ಉಪ್ಪು ಸಾಲಿನಲ್ಲೇ ಉಳಿಯುತ್ತದೆ.

ಸೂಜಿಗೂ ದೂಳು ಅಂಟುತ್ತದೆ. ಸಣ್ಣ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಿ. ಸೂಜಿಯ ತುದಿ ವಜ್ರದ್ದಾದರೂ ಸವೆಯುತ್ತದೆ. ತುದಿಯ ಆಕಾರದ ಮೇಲೆ 300ರಿಂದ 1000 ತಾಸು ಅದರ ಆಯುಷ್ಯ.

ತಳದಲ್ಲಿದ್ದ ಐದು ತಟ್ಟೆ

ಟ್ರಂಕಿನ ತಳದಲ್ಲಿದ್ದವು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳು. 1948ರಲ್ಲಿ ಎಲ್‌ಪಿ ಬರುವ ಮುಂಚೆ ಇದ್ದದ್ದು ಇವೇ. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಹಾಡು. ಇವು ವಿನೈಲಿನವಲ್ಲ, ಅರಗಿನವು. ಕೈಜಾರಿದರೆ ಹೆಂಚಿನ ಹಾಗೆ ಒಡೆಯುತ್ತವೆ. ಸ್ಪಿರಿಟ್ಟು ತಾಗಿಸಲೇಬಾರದು. ಬಡಿಗೇರರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಪಾಲಿಶ್ ಮಾಡುತ್ತಾರೆ. ತಟ್ಟೆಯ ಸಾಲೂ ಹಾಗೆಯೇ ಕರಗಿಹೋಗುತ್ತದೆ.

ವೇಗದ ಗುಂಡಿಯಲ್ಲಿ 78 ಇದ್ದ ಮಾತ್ರಕ್ಕೆ ಎಲ್‌ಪಿ ಸೂಜಿಯಿಂದ ಇವನ್ನು ಹಾಡಿಸಬಾರದು. ಎಲ್‌ಪಿ ಸೂಜಿಯ ತುದಿಯ ದುಂಡು 0.018 ಮಿಲಿಮೀಟರಿನಷ್ಟು. 78ಕ್ಕೆ ಬೇಕಾದದ್ದು 0.075, ನಾಲ್ಕು ಪಟ್ಟು. ಸಣ್ಣ ಸೂಜಿ ಅಗಲ ಸಾಲಿನ ಗೋಡೆ ಮುಟ್ಟದೆ ತಳದ ಕೊಳೆಯಲ್ಲಿ ಹೊರಳಾಡುತ್ತದೆ. ದೊಡ್ಡ ಸೂಜಿ ಎಲ್‌ಪಿ ಮೇಲೆ ಬಿದ್ದರೆ ಗೋಡೆಯನ್ನೇ ಕೆಡಿಸುತ್ತದೆ. ಕೀಲಿ ಕೊಡುವ ಹಳೆ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಒಂದು ಬದಿ ಹಾಡಿಸಿದ ಮೇಲೆ ಎಸೆಯಬೇಕಿತ್ತು. ಸವೆಯಲೆಂದೇ ಮಾಡಿದ ಮುಳ್ಳು ಅದು. ಎಲ್‌ಪಿಯ ಹತ್ತಿರ ಅದನ್ನು ತರಲೂಬೇಡಿ.

ಐದರಲ್ಲಿ ಒಂದರ ಲೇಬಲ್ ಅರ್ಧ ಹರಿದಿದೆ. ಹಾಡುಗಾರರ ಹೆಸರಿನಲ್ಲಿ ‘ಕರ್ನಾಟಕಿ’ ಅಂತ ಮಾತ್ರ ಓದಬಹುದು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಇರಬಹುದು. ಅವರ ಸೋದರಿ ಗೋಹರಬಾಯಿಯೂ ಇರಬಹುದು, ಇಬ್ಬರೂ ರೆಕಾರ್ಡಿಗೆ ಹಾಡಿದವರೇ. ಮಾವ ಅಮೀರಬಾಯಿ ಅಂತ ಪಂಥ ಕಟ್ಟಿದ್ದಾರೆ. ಅತ್ತೆ ಗೋಹರಬಾಯಿ ಅನ್ನುತ್ತಾರೆ. 78ರ ಸೂಜಿಗೆ ಆರ್ಡರ್ ಹಾಕಿ ಹತ್ತು ದಿನ ಆಯಿತು. ತಟ್ಟೆಯನ್ನು ಒರೆಸಿ, ಬಿಳಿ ಬಟ್ಟೆ ಸುತ್ತಿ, ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೇವೆ.